ಸಿಂಬಿಯ ಮೇಲಿನ ಕಾಯಿ

ಕಾಗವಾಡ
24 ನವೆಂಬರ್ 2024

ಸಕ್ಕುಬಾಯಿ ಕಾಕು ಅವರಿಗೆ ಸಿದ್ದಲಿಂಗನ ಶರಣು.

ಕವರಿನ ಮೇಲೆ ನನ್ನ ಹೆಸರು ಬರೆದಿಲ್ಲ. ಬರೆದಿದ್ದರೆ ಮುರಗೆಪ್ಪ ಕಾಕಾ ಇದನ್ನು ನಿಮ್ಮ ಕೈಗೆ ಮುಟ್ಟಲು ಬಿಡುತ್ತಿರಲಿಲ್ಲ. ನಿಮ್ಮ ಮನೆಯ ಎಲ್ಲ ಫೋನುಗಳಲ್ಲೂ ನನ್ನ ನಂಬರು ಬಂದ್ ಆಗಿದೆ. ಹತ್ತು ದಿನ ನೋಡಿ, ಕೊನೆಗೆ ಪೋಸ್ಟಿಗೆ ಹೋಗಿ ಕವರು ತಂದೆ. ಶಾಲೆ ಬಿಟ್ಟ ಮೇಲೆ ಕಾಗದ ಬರೆಯುತ್ತಿರುವುದು ಇದೇ ಮೊದಲು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಮಿತನಿಗೆ ಮಣ್ಣು ಕೊಡುವ ದಿನ ನಾನು ಅಂಕಲಿಗೆ ಬಂದಿದ್ದೆ. ನಿಮಗೆ ಅದು ಗೊತ್ತೋ ಇಲ್ಲವೋ. ಬಾಗಿಲಲ್ಲೇ ಕಾಕಾ ನನ್ನ ಅಂಗಿ ಹಿಡಿದು, "ನನ್ನ ಮಗನ್ನ ಕೊಂದ ಕೈ ಲೇ ಇವು, ಒಳಗ ಬರಬ್ಯಾಡ" ಅಂದರು. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತೆ. ಭಜನೆಯವರು ಅವನನ್ನು ಹೊತ್ತವರ ಮುಂದೆ ಹಾಡುತ್ತಾ ಹೋದರು. ಶಾಲೆಯಲ್ಲಿ ಒಂದನೇ ಇಯತ್ತೆಯಿಂದ ಒಂದೇ ತಟ್ಟಿನ ಮೇಲೆ ಕೂತವರು ನಾವು, ಒಂದು ಹಿಡಿ ಮಣ್ಣು ಹಾಕುವುದೂ ನನಗೆ ಸಿಗಲಿಲ್ಲ.

ಹಾರೂಗೇರಿಯ ನನ್ನ ಗ್ಯಾರೇಜಿಗೆ ಬೀಗ ಹಾಕಿದ್ದೇನೆ. ಕಾಕಾ ಫಿರ್ಯಾದಿ ಕೊಟ್ಟ ಮೇಲೆ ಗಿರಾಕಿ ಬರುವುದು ನಿಂತಿತು. ಈಗ ಇಲ್ಲಿ ಕಬ್ಬಿನ ಟ್ರ್ಯಾಲಿ ಕಟ್ಟುವ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುತ್ತೇನೆ. ಶೆಡ್ಡಿನ ಹಿಂದೆ ತಗಡಿನ ಖೋಲಿ, ಅಲ್ಲೇ ಮಲಗುವುದು. ನಾನು ಯಾರು ಎಂದು ಯಾರಿಗೂ ಗೊತ್ತಿಲ್ಲ, ಯಾರೂ ಕೇಳಿಯೂ ಇಲ್ಲ.

ಪೊಲೀಸರ ಮುಂದೆ ನಾನು ಸುಳ್ಳು ಹೇಳಿಲ್ಲ ಕಾಕು. ಹೋದ ವರ್ಷ ಶ್ರಾವಣದಲ್ಲಿ ಕಾರು ನೆಲಕ್ಕೆ ಇಳಿಸಬೇಕೆಂದು ಅಮಿತ ಹಟ ಹಿಡಿದ, ಸ್ಪ್ರಿಂಗ್ ಕೊಯ್ದೆ. ಅಗಲ ಟೈರು ಹಾಕಿದೆ. ಈ ಸಲ ಗಣಪತಿ ಹಬ್ಬದಲ್ಲಿ ಮುಂದೆ ದೊಡ್ಡ ವಿಡಿಯೋ ಪರದೆ ಕೂರಿಸಿ, ಡ್ಯಾಶ್‌ಬೋರ್ಡಿನ ತುಂಬ ಕರಿ ಚರ್ಮ ಹೊದಿಸಿದೆ. ಎಲ್ಲವನ್ನೂ ಬರೆದುಕೊಂಡಿದ್ದಾರೆ. ಚಾರ್ಜ್‌ಶೀಟಿನಲ್ಲಿ ಸಾವಿಗೆ ನಾನೇ ಕಾರಣ ಎಂದು ಬಂದರೆ ಜೈಲು ತಪ್ಪಿದ್ದಲ್ಲ ಎನ್ನುತ್ತಾರೆ ವಕೀಲರು.

ಆದರೆ ಹದಿನಾಲ್ಕು ತಿಂಗಳು ಅದೇ ಸ್ಪ್ರಿಂಗಿನ ಮೇಲೆ ಆ ಕಾರು ಓಡಿದೆ. ಪಂಢರಪುರ ಮಾಡಿ ಬಂದಿದೆ, ನೀವೂ ಕೂತಿದ್ದಿರಿ. "ಇಳಿಸಿದ ಗಾಡಿ ಐತಿ, ಎಂಬತ್ತು ದಾಟಿಸಬ್ಯಾಡೋ" ಎಂದು ನಾನು ಹೇಳಿದಾಗಲೆಲ್ಲ ಅವನು ನಕ್ಕು ಗಾಡಿ ಎಬ್ಬಿಸಿಕೊಂಡು ಹೋಗುತ್ತಿದ್ದ. ಎಕ್ಸಲರೇಟರಿನ ಮೇಲೆ ಅವನ ಕಾಲು ಭಾರ ಕಾಕು, ನಿಮಗೂ ಗೊತ್ತು. ಸತ್ತವನ ಮೇಲೆ ಹಾಕುತ್ತಾನೆ ಅನ್ನಬೇಡಿ.

ಸ್ಪ್ರಿಂಗೋ, ಅವನ ಕಾಲೋ, ನನಗೂ ತಿಳಿಯುತ್ತಿಲ್ಲ. ಚಿಕ್ಕೋಡಿ ದಾಟಿದ ಮೇಲೆ ಆ ಎಡ ತಿರುವಿನಲ್ಲಿ ಕಾರು ಯಾಕೆ ತಿರುಗದೆ ನೇರ ಹುಣಸೆಮರಕ್ಕೆ ಹೋಯಿತು ಎಂಬುದು ಪಕ್ಕದಲ್ಲಿ ಕೂತಿದ್ದ ಸೀಮಾಗೆ ಮಾತ್ರ ಗೊತ್ತು. ಅಣ್ಣ ಹೋಗಿದ್ದನ್ನು ಕಣ್ಣಾರೆ ಕಂಡವಳು ಅವಳೊಬ್ಬಳೇ. ತಂಗಿ ಏನು ಹೇಳುತ್ತಾಳೆ? ಅಷ್ಟು ಬರೆದು ತಿಳಿಸಿದರೆ ಸಾಕು.

ನಿಮ್ಮ
ಸಿದ್ದಲಿಂಗ


ಅಂಕಲಿ
9 ಡಿಸೆಂಬರ್ 2024

ಸಿದ್ದಲಿಂಗನಿಗೆ,

ಆಶೀರ್ವಾದ ಎಂದು ಬರೆಯಲು ಕೈ ಏಳಲಿಲ್ಲ.

ನಿನ್ನ ಕಾಗದವನ್ನು ಒಲೆಗೆ ಹಾಕಬೇಕೆಂದು ಎದ್ದೆ. ಗ್ಯಾಸಿನ ಒಲೆಯಲ್ಲಿ ಕಾಗದ ಸುಡುವುದಕ್ಕೂ ನೆಟ್ಟಗೆ ಬರುವುದಿಲ್ಲ. ಅದಕ್ಕೆ ಓದಿದೆ.

ಅಮಿತನ ಕಾಲು ಭಾರ ಅಂತೀಯಲ್ಲ, ಹನ್ನೆರಡನೇ ವಯಸ್ಸಿಗೆ ಹೊಲದಿಂದ ಮನೆಗೆ ಟ್ರ್ಯಾಕ್ಟರ್ ತಂದು ನಿಲ್ಲಿಸಿದ ಹುಡುಗ ಅವನು. ಕಬ್ಬು ತುಂಬಿದ ಎರಡು ಟ್ರ್ಯಾಲಿ ಹಿಂದೆ ಕಟ್ಟಿಕೊಂಡು ಹೊಳೆದಂಡೆಯ ಏರಿ ಹತ್ತಿಸಿದವನಿಗೆ ಒಂದು ಕಾರು ಹೊಡೆಯಲು ಬರುತ್ತಿರಲಿಲ್ಲವೇ? ಓದಿದವರು ಕೂತು ಮಾಡಿದ ಸ್ಪ್ರಿಂಗನ್ನು ನೀನು ಜೋಳದ ಕಣಿಕಿ ಕೊಯ್ದ ಹಾಗೆ ಕೊಯ್ದೆ. ಅವನು ಹಟ ಮಾಡಿದ ಅಂತೀ. ಅವನು ಸಣ್ಣವನಿದ್ದಾಗ ಚಂದ್ರ ಬೇಕು ಅಂತಲೂ ಹಟ ಮಾಡಿದ್ದ, ನಾವು ತಂದುಕೊಟ್ಟೆವೇನು? ನನ್ನ ಅಡುಗೆಮನೆಯಲ್ಲಿ ಅವನ ತಾಟಿಗೆ ಹಾಕಿದ ಬೆಣ್ಣೆಯನ್ನೇ ನಿನ್ನ ತಾಟಿಗೂ ಹಾಕಿದೆ. ಮಾಡಿದ್ದುಣ್ಣೋ ಮಹಾರಾಯ, ಅಷ್ಟೇ ನಾನು ಹೇಳುವುದು.

ನೀನು ಬಾಗಿಲಿಗೆ ಬಂದದ್ದು ನನಗೆ ಗೊತ್ತು. ಅವನ ಮುಖ ಒರೆಸಿ ಕೈ ತೊಳೆಯುತ್ತಿದ್ದೆ, ನಿನ್ನ ದನಿ ಕೇಳಿತು. ಏಳಲಿಲ್ಲ.

ಸೀಮಾ ಏನೂ ಹೇಳುವುದಿಲ್ಲ. ಮುರಿದ ಕೈ ಕೂಡಿದೆ. ಪೊಲೀಸರು ಎರಡು ಸಲ ಬಂದು ಕೇಳಿದರು, "ನಿದ್ದಿ ಹತ್ತಿತ್ರಿ, ನಾ ನೋಡಿಲ್ಲ" ಅಂದಳು. ಕಾರು ಹತ್ತಿದರೆ ಪಟಪಟ ಮಾತಾಡುವವಳು, ಯಾವತ್ತು ನಿದ್ದೆ ಮಾಡಿದ್ದಾಳೆ? ನನ್ನ ಮುಖ ನೋಡಿ ಮಾತಾಡುವುದನ್ನು ಬಿಟ್ಟಿದ್ದಾಳೆ. ನಾನು ಪಡಸಾಲೆಗೆ ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಾಳೆ. ನಿಮ್ಮ ಕಾಕಾ ಬೆಳಗಾದರೆ ಹೊಲ, ಸಂಜೆಯಾದರೆ ವಕೀಲರು. ಈ ಮನೆಯಲ್ಲಿ ಮೂವರು ಇದ್ದೇವೆ, ಒಬ್ಬೊಬ್ಬರೇ ಉಣ್ಣುತ್ತೇವೆ.

ಮೊನ್ನೆ ಠಾಣೆಯಿಂದ ಕಾರಿನೊಳಗಿನ ಸಾಮಾನು ಒಂದು ಚೀಲದಲ್ಲಿ ಬಂತು. ಅವನ ಬಲಗಾಲಿನ ಬೂಟು, ಕರಿ ಕನ್ನಡಕ, ಒಂದು ಕರವಸ್ತ್ರ, ಖಂಡೇನವಮಿಯ ಗಾಡಿಪೂಜೆಗೆ ನಾನು ಇಟ್ಟಿದ್ದ ಚಿಂಚಲಿ ಮಾಯಕ್ಕದೇವಿಯ ತೆಂಗಿನಕಾಯಿ. ಮೈತುಂಬ ಭಂಡಾರದ ಅರಿಶಿನ ಹಚ್ಚಿದ ಕಾಯಿ ಅದು, ಒಂದು ಬಿರುಕೂ ಬಿಟ್ಟಿಲ್ಲ. ಮಗ ಹೋದ, ಕಾಯಿ ಬಂತು. ದೇವರ ಜಗಲಿಯ ಮೇಲೆ ಇಡಲು ಮನಸ್ಸಾಗಲಿಲ್ಲ, ಹೊಳೆಗೆ ಬಿಡಲು ಧೈರ್ಯ ಸಾಲಲಿಲ್ಲ. ಜೋಳದ ಚೀಲದ ಮೇಲೆ ಇಟ್ಟಿದ್ದೇನೆ.

ಮತ್ತೆ ಬರೆಯಬೇಡ.

ಸಕ್ಕುಬಾಯಿ


ಕಾಗವಾಡ
22 ಡಿಸೆಂಬರ್ 2024

ಕಾಕು ಅವರಿಗೆ ಶರಣು.

ಬರೆಯಬೇಡ ಅಂದಿದ್ದೀರಿ. ಒಂದೇ ಮಾತು ಕೇಳಿ ಸುಮ್ಮನಾಗುತ್ತೇನೆ.

ಇಲ್ಲಿ ಕಬ್ಬಿನ ಹಂಗಾಮು ಜೋರಾಗಿದೆ. ದಿನಕ್ಕೆ ಎರಡು ಟ್ರ್ಯಾಲಿ ಹೊರಗೆ ಹೋಗುತ್ತವೆ. ಹಿಂದೆ ಕೆಂಪು ಪಟ್ಟಿ ಅಂಟಿಸದೆ ನಾನು ಒಂದನ್ನೂ ಬಿಡುವುದಿಲ್ಲ. "ಕಬ್ಬು ಹೇರಿದ ಮ್ಯಾಲ ಪಟ್ಟಿ ಯಾರಿಗೆ ಕಾಣತೈತೋ" ಎಂದು ಶೆಡ್ಡಿನ ಮಾಲೀಕರು ಬೈಯುತ್ತಾರೆ. ಬೈದರೆ ಬೈಯಲಿ, ಒಂದು ದನಿಯಾದರೂ ಕೇಳುತ್ತದೆ. ರವಿವಾರ ಶೆಡ್ಡು ಬಂದ್. ಆ ದಿನ ಬಾಯಿಂದ ಒಂದು ಮಾತೂ ಹೊರಡದೆ ಹೊತ್ತು ಮುಳುಗುತ್ತದೆ.

ಕೇಳಬೇಕಾದದ್ದು ಇಷ್ಟೇ. ಆ ಕಾಯಿಯನ್ನು ಕಾರಿನಲ್ಲಿ ಎಲ್ಲಿ ಇಟ್ಟಿದ್ದಿರಿ?

ಸಿದ್ದಲಿಂಗ


ಅಂಕಲಿ
16 ಜನವರಿ 2025

ಸಿದ್ದಲಿಂಗನಿಗೆ,

ಎಲ್ಲಿ ಇಡುತ್ತಾರೆ? ಪ್ರತಿ ವರ್ಷ ಇಡುವಲ್ಲೇ ಇಟ್ಟೆ. ಚಿಂಚಲಿಯಿಂದ ತಂದ ಕಾಯಿಯನ್ನು ಖಂಡೇನವಮಿಯ ದಿನ ಗಾಡಿಯಲ್ಲಿ ಇಟ್ಟರೆ ಮುಂದಿನ ಖಂಡೇನವಮಿಯವರೆಗೂ ಅದು ಅಲ್ಲೇ ಇರಬೇಕು, ಆಮೇಲೆ ಅದನ್ನು ಒಡೆದು ಹೊಸದು ಇಡಬೇಕು. ನಮ್ಮ ಅತ್ತೆಯವರು ಚಕ್ಕಡಿಗೆ ಕಟ್ಟುತ್ತಿದ್ದರು, ನಾನು ಕಾರಿನಲ್ಲಿ ಇಟ್ಟೆ. ಮುಂದಿನ ಗಾಜಿನ ಬುಡದಲ್ಲಿ ಒಂದು ಕುಳಿ ಇತ್ತಲ್ಲ, ಚಿಲ್ಲರೆ, ಕಾಗದ ಇಡುವುದು, ಅದರಲ್ಲಿ ಕಾಯಿ ಗುಬ್ಬಿ ಗೂಡಿನಲ್ಲಿ ಕೂತ ಹಾಗೆ ಕೂರುತ್ತಿತ್ತು.

ಈ ಸಲ ನೋಡಿದರೆ ನಿನ್ನ ಮಿರಿಮಿರಿ ಚರ್ಮ. ಇಟ್ಟಲ್ಲಿ ನಿಲ್ಲದು. ಅಮಿತ ನಕ್ಕು, "ಬಿಡಬೇ ಯವ್ವಾ, ಹಿಂದ ಡಿಕ್ಕ್ಯಾಗ ಇಡತೀನಿ" ಅಂದ. ದೇವಿಯನ್ನು ಡಿಕ್ಕಿಯಲ್ಲಿ ಹಾಕುತ್ತಾರೇನು? ಅವನ ಕರವಸ್ತ್ರ ಕಸಿದುಕೊಂಡು ಸಿಂಬಿ ಸುತ್ತಿದೆ, ನೀರಿನ ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಹಾಗೆ. ಸಿಂಬಿಯ ಮೇಲೆ ಕಾಯಿ ಗಟ್ಟಿಯಾಗಿ ಕೂತಿತು. ನಲವತ್ತು ವರ್ಷ ಸಿಂಬಿಯ ಮೇಲೆ ಕೊಡ ಹೊತ್ತಿದ್ದೇನೆ, ಒಂದು ಹನಿ ಚೆಲ್ಲಿಲ್ಲ. ಪೂಜೆಯಾದ ಗಾಡಿಯನ್ನು ಬನ್ನಿ ಕೊಡುವವರೆಗೂ ಹೊರಗೆ ತೆಗೆಯಲಿಲ್ಲ. ದಸರೆಯ ಮರುದಿನ ಬೆಳಿಗ್ಗೆ ಸೀಮಾಳನ್ನು ನಿಪ್ಪಾಣಿಯ ಹಾಸ್ಟೆಲಿಗೆ ಬಿಡಲು ಹೊರಟಾಗ ಕೂಡ ನಾನು ಕಾಯಿಗೆ ಕೈ ಮುಗಿದು ಕಳಿಸಿದೆ.

ಈಗ ನೀನು ಹೇಳು, ಯಾಕೆ ಕೇಳಿದೆ?

ಮೊನ್ನೆ ಸಂಕ್ರಾಂತಿಯ ಭೋಗಿಗೆ ಸಜ್ಜಿ ರೊಟ್ಟಿ ತಟ್ಟಲಿಲ್ಲ. ಓಣಿಯಲ್ಲಿ ಎಲ್ಲರ ಮನೆಯಿಂದಲೂ ತಟ್ಟುವ ಸಪ್ಪಳ ಬರುತ್ತಿತ್ತು, ಬಾಗಿಲು ಹಾಕಿಕೊಂಡೆ. ನಿನ್ನ ಪ್ರಶ್ನೆ ಬಂದ ದಿನದಿಂದ ಅನ್ನ ಸೇರುವುದಿಲ್ಲ. ಹೇಳು ಅಂದೆನಲ್ಲ, ಬೇಡ, ಹೇಳಬೇಡ. ಬರೆಯಲೇಬೇಡ.

ಸಕ್ಕುಬಾಯಿ


ಅಂಕಲಿ
3 ಫೆಬ್ರುವರಿ 2025

ಸಿದ್ದು ಅಣ್ಣನಿಗೆ ಸೀಮಾಳ ನಮಸ್ಕಾರ.

ಅವ್ವನ ಟ್ರಂಕಿನಲ್ಲಿ ನಿನ್ನ ಕಾಗದಗಳು ಸಿಕ್ಕವು, ಅದರಿಂದ ವಿಳಾಸ ತೆಗೆದುಕೊಂಡೆ. ಮುಂದೆ ಬರೆಯುವುದನ್ನು ನಾನು ಯಾರಿಗೂ ಹೇಳಿಲ್ಲ. ಇನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರೆ ನನಗೆ ಹುಚ್ಚು ಹಿಡಿಯುತ್ತದೆ.

ಅವತ್ತು ನನಗೆ ನಿದ್ದೆ ಹತ್ತಿರಲಿಲ್ಲ. ಅಣ್ಣ ಜೋರಾಗಿಯೇ ಹೊಡೆಯುತ್ತಿದ್ದ, ಆದರೆ ಯಾವಾಗಲೂ ಹೊಡೆಯುವಷ್ಟೇ. ಎಡ ತಿರುವು ಬಂತು. ಕಾರು ವಾಲಿದ ಕೂಡಲೇ ಕಾಯಿ ಸಿಂಬಿಯಿಂದ ಎದ್ದು, ಚರ್ಮದ ಮೇಲೆ ಜಾರಿ, ಬಲಕ್ಕೆ ಅವನ ಕಡೆ ಬಂದು ಕಾಲ ಹತ್ತಿರ ಬಿತ್ತು. ಅದು ಬ್ರೇಕಿನ ಕೆಳಗೆ ಸಿಕ್ಕಿಕೊಳ್ಳಲಿಲ್ಲ ಅಣ್ಣ. ಬ್ರೇಕ್ ಒತ್ತಬಹುದಿತ್ತು. ಅವನು "ಅಯ್ಯ ತಾಯಿ" ಅಂದು, ಬೂಟುಗಾಲು ತಾಗಬಾರದೆಂದು ಎರಡೂ ಕಾಲು ಹಿಂದಕ್ಕೆ ಎಳೆದುಕೊಂಡ. ಬಗ್ಗಿ ಬಲಗೈಯಲ್ಲಿ ಕಾಯಿ ಎತ್ತಿದ. ತಲೆ ಮೇಲೆತ್ತುವುದರೊಳಗೆ ಮರ ಬಂದಿತ್ತು.

ಇದನ್ನು ಪೊಲೀಸರಿಗೆ ಹೇಳಿದರೆ ನಿನ್ನ ಮೇಲಿನ ಮಾತು ಹೋಗುತ್ತದೆ. ಹೇಳಿದರೆ ಅವ್ವ ಉಳಿಯುವುದಿಲ್ಲ. ಆ ಕಾಯಿ ಇಟ್ಟವಳು ಅವಳು. ಅವಳ ಮುಖ ನೋಡಿದರೆ ಎಲ್ಲಿ ಬಾಯಿಬಿಡುತ್ತೇನೋ ಎಂದು ಎದ್ದು ಹೋಗುತ್ತೇನೆ. ನಾನು ಸಿಟ್ಟಾಗಿದ್ದೇನೆ ಎಂದು ಅವಳು ತಿಳಿದುಕೊಂಡಿದ್ದಾಳೆ.

ನಿನ್ನ ಗ್ಯಾರೇಜು ಮುಚ್ಚಿತು, ಜನ ನಿನ್ನನ್ನು ಕೊಲೆಗಾರ ಅನ್ನುತ್ತಾರೆ, ನಾನು ಸುಮ್ಮನೆ ಕೂತಿದ್ದೇನೆ. ಈ ಕಾಗದ ನಿನ್ನ ಕೈಯಲ್ಲಿದೆ. ವಕೀಲರಿಗೆ ತೋರಿಸುವುದಾದರೆ ತೋರಿಸು, ನಾನು ಸಹಿ ಮಾಡಿದ್ದೇನೆ. ಏನು ಮಾಡುತ್ತೀ ಎಂದು ಅಂಕಲಿಗೇ ಬರೆ. ಹಗಲು ಪೋಸ್ಟು ಬಂದಾಗ ನಾನೇ ತೆಗೆದುಕೊಳ್ಳುತ್ತೇನೆ.

ನಿನ್ನ ತಂಗಿ
ಸೀಮಾ


ಕಾಗವಾಡ
23 ಫೆಬ್ರುವರಿ 2025

ಸೀಮಾ,

ನಿನ್ನ ಕಾಗದವನ್ನು ಹನ್ನೆರಡು ದಿನ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ. ಸುಳ್ಳು ಹೇಳುವುದಿಲ್ಲ, ಎರಡು ಸಲ ಚಿಕ್ಕೋಡಿಯ ಬಸ್ಸು ಹತ್ತಿದೆ. ಮೊದಲ ಸಲ ಅರ್ಧ ದಾರಿಯಲ್ಲಿ ಇಳಿದೆ. ಎರಡನೇ ಸಲ ವಕೀಲರ ಬಾಗಿಲಿನ ತನಕ ಹೋದೆ, ಒಳಗೆ ಯಾರೋ ಇದ್ದರು, ಹೊರಗಿನ ಬೆಂಚಿನ ಮೇಲೆ ಕೂತು ಕಾಗದವನ್ನು ಮತ್ತೆ ಓದಿದೆ. ಎದ್ದು ಬಂದೆ.

ನೀನು ಸಣ್ಣವಳು, ಒಂದು ಮಾತು ನಿನಗೆ ಗೊತ್ತಿಲ್ಲ. ಆ ಕಾಯಿಗೆ ಕೂರಲು ಜಾಗ ಇತ್ತು. ಅದನ್ನು ಮುಚ್ಚಿದವನು ನಾನು. ದೊಡ್ಡ ಪರದೆ ಹಾಕಬೇಕಾದರೆ ಕುಳಿ ಅಡ್ಡ ಬರುತ್ತಿತ್ತು, ಹಲಗೆ ಬಡಿದು ಮೇಲೆ ಚರ್ಮ ಎಳೆದೆ. ಹಲಗೆ ಬಡಿಯುವ ಮೊದಲು ಕುಳಿಯೊಳಗೆ ಹೋದ ವರ್ಷದ ಕಾಯಿ ಇತ್ತು, ಅದರ ಸುತ್ತ ಭಂಡಾರ ಚೆಲ್ಲಿತ್ತು. ನಾನೇ ಕಾಯಿ ಎತ್ತಿ ಅಮಿತನ ಕೈಗೆ ಕೊಟ್ಟು, ಒರೆಸಿ ಮುಚ್ಚಿದೆ. ಹೊಸ ಕಾಯಿ ಎಲ್ಲಿ ಕೂರಬೇಕು ಎಂದು ನನ್ನ ತಲೆಗೂ ಬರಲಿಲ್ಲ, ಅವನ ತಲೆಗೂ ಬರಲಿಲ್ಲ. ಸ್ಪ್ರಿಂಗು, ಟೈರು ಎಂದು ಪೊಲೀಸರು ಎಲ್ಲ ಬರೆದರು, ಆ ಕುಳಿಯನ್ನು ಯಾರೂ ಬರೆಯಲಿಲ್ಲ. ಕಾಕುಗೆ ಕಾಯಿ ಎಲ್ಲಿಟ್ಟಿರಿ ಎಂದು ಬರೆದು ಕೇಳಿದ್ದು ಇದಕ್ಕೇ. ಅವರ ಉತ್ತರ ಓದಿ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ.

ಹಾಗಿದ್ದ ಮೇಲೆ ನನ್ನ ಮೇಲಿನ ಮಾತು ಪೂರ್ತಿ ಸುಳ್ಳೇನಲ್ಲ. ಕೇಸು ಆದಂತೆ ಆಗಲಿ. ನನಗೆ ಹೆಂಡತಿ ಮಕ್ಕಳಿಲ್ಲ, ಜೈಲಾದರೂ ಈ ಖೋಲಿಯಷ್ಟೇ ಇರುತ್ತದೆ. ಕಾಕು ಮಾತ್ರ ಆ ಅಡುಗೆಮನೆಯಲ್ಲಿ ಇನ್ನೂ ಇಪ್ಪತ್ತು ವರ್ಷ ರೊಟ್ಟಿ ತಟ್ಟಬೇಕು. ಅವರಿಗೆ ಹೇಳಬೇಡ, ನಿನಗೆ ಅಮಿತನ ಆಣೆ. ಅವರ ಮುಖ ನೋಡಿ ಮಾತಾಡು, ಹವಾಮಾನದ ಮಾತಾದರೂ ಸರಿ.

ನಿನ್ನ ಕಾಗದವನ್ನು ಶೆಡ್ಡಿನ ಗ್ಯಾಸ್ ಕಟ್ಟರಿನ ಉರಿಗೆ ಹಿಡಿದೆ. ಈಗ ಇಲ್ಲ.

ನಿನ್ನ ಅಣ್ಣ
ಸಿದ್ದು


ಅಂಕಲಿ
30 ಮಾರ್ಚ್ 2025, ಯುಗಾದಿ

ಸಿದ್ದುಗೆ ಅನೇಕ ಆಶೀರ್ವಾದ.

ಸೀಮಾಗೆ ನೀನು ಬರೆದ ಕಾಗದ ನನ್ನ ಕೈಗೆ ಬಂತು. ಪರೀಕ್ಷೆ ಇದೆ ಎಂದು ಅವಳು ಅದರ ಹಿಂದಿನ ದಿನವೇ ನಿಪ್ಪಾಣಿಗೆ ಹೋಗಿದ್ದಳು. ಬೇರೆಯವರ ಕಾಗದ ಒಡೆಯುವವಳಲ್ಲ ನಾನು. ನಿನ್ನ ಕೋಳಿಕಾಲಿನ ಅಕ್ಷರ ಕಂಡೆ, ಒಡೆದೆ.

ತಿಂಗಳು ಕಳೆಯಿತು, ಏನು ಬರೆಯಬೇಕೆಂದು ತಿಳಿಯದೆ ಸುಮ್ಮನಿದ್ದೆ. ನೀವಿಬ್ಬರೂ ಸೇರಿ ನನ್ನಿಂದ ಮುಚ್ಚಿಡುತ್ತಿದ್ದೀರಿ, ಹುಚ್ಚು ಮಕ್ಕಳೇ. ನನಗೆ ಮೊದಲ ದಿನವೇ ಗೊತ್ತು.

ಅವನನ್ನು ತಂದು ಅಂಗಳದಲ್ಲಿ ಮಲಗಿಸಿದಾಗ ಕೈ ತೊಳೆಯಲು ನಾನೇ ಕೂತೆ ಎಂದು ಬರೆದಿದ್ದೆನಲ್ಲ. ಬಲಗೈ ಮುಚ್ಚಿತ್ತು. ಬಿಡಿಸಿದೆ. ಅಂಗೈ ತುಂಬ ಭಂಡಾರ, ಹಳದಿ ಹಳದಿ. ಪೂಜೆಯಾಗಿ ಎರಡು ದಿನವಾಗಿತ್ತು, ಅವತ್ತು ಬೆಳಿಗ್ಗೆ ಸ್ನಾನ ಮಾಡಿ ಹೋದ ಹುಡುಗ. ಸ್ಟಿಯರಿಂಗ್ ಹಿಡಿಯಬೇಕಾದ ಕೈಗೆ ಭಂಡಾರ ಎಲ್ಲಿಂದ ಬರಬೇಕು? ಯಾರಾದರೂ ನೋಡುತ್ತಾರೆಂದು ಸೆರಗು ಅಡ್ಡ ಹಿಡಿದು ಎರಡು ಸಲ ಸಾಬೂನು ಹಚ್ಚಿ ತೊಳೆದೆ. ಆಗಲೇ ಬಾಗಿಲಲ್ಲಿ ನಿಮ್ಮ ಕಾಕಾ ನಿನ್ನ ಅಂಗಿ ಹಿಡಿದಿದ್ದರು. ಎದ್ದು ಬಂದು "ಬಿಡರಿ ಅವನ್ನ" ಎನ್ನಬಹುದಿತ್ತು. ಎನ್ನಲಿಲ್ಲ. ನಿನ್ನ ಮೇಲೆ ಬಂದರೆ ನನ್ನ ಮೇಲೆ ಬರುವುದಿಲ್ಲ ಅನಿಸಿತು. ಮಾಡಿದ್ದುಣ್ಣೋ ಮಹಾರಾಯ ಎಂದು ನಿನಗೆ ಬರೆದೆನಲ್ಲ, ಬರೆಯುವಾಗ ಯಾರಿಗೆ ಹೇಳುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು.

ಹೋದ ಸೋಮವಾರ ಚಿಕ್ಕೋಡಿಯ ಠಾಣೆಗೆ ಹೋಗಿ ಹೇಳಿ ಬಂದೆ. ಎಲ್ಲ ತಿಳಿಸಿ ಸೀಮಾಳನ್ನೂ ನಿಪ್ಪಾಣಿಯಿಂದ ಕರೆಸಿದ್ದೆ, ನನ್ನ ಪಕ್ಕದಲ್ಲಿ ಕೂತು ಕಂಡದ್ದನ್ನೆಲ್ಲ ಹೇಳಿದಳು. ಸಾಹೇಬರು ಒಳ್ಳೆಯವರು, ನೀರು ಕೊಟ್ಟರು. "ನೋಡ್ರಿ ತಾಯಿ, ನಮಗ ಬರಕೊಳ್ಳಾಕ ಒಂದು ಕಾರಣ ಬೇಕು. ಗಾಡಿ ಕೆಡಿಸಿದ್ದಕ್ಕ ಹಿಂಗಾತೋ, ಹೊಡೆದ ರೀತಿಗೋ?" ಎಂದು ಕೇಳಿದರು.

ನಾನು ಅಂದೆ, "ಕಾಯಿ ಇಟ್ಟಾಕಿ ನಾನ್ರಿ. ಅದಕ್ಕ ಕಾಲು ತಾಗಬಾರದು ಅಂತ ಕಲಿಸಿದಾಕಿನೂ ನಾನ."

ಕಲಿಸಿದ್ದು ಹೇಗೆ ಗೊತ್ತೇ ಸಿದ್ದು? ಆರು ವರ್ಷದವನಿದ್ದಾಗ ಜಗಲಿಯ ಮುಂದೆ ಆಡುತ್ತಾ ಕಾಯಿ ಮೆಟ್ಟಿದ. ಕಪಾಳಕ್ಕೆ ಹೊಡೆದೆ. ಐದೂ ಬೆರಳು ಮೂಡಿದವು. ಅಳುತ್ತಾ ಬಗ್ಗಿ, ಕಾಯಿ ಎತ್ತಿ ಕಣ್ಣಿಗೆ ಒತ್ತಿಕೊಂಡ. ಆಮೇಲೆ ಎಂದೂ ಮೆಟ್ಟಲಿಲ್ಲ. ಜಾಣ ಹುಡುಗ, ಒಂದು ಸಲ ಹೇಳಿದರೆ ಮರೆಯುತ್ತಿರಲಿಲ್ಲ.

ಸಾಹೇಬರು ಅದನ್ನೇ ಬರೆದುಕೊಂಡರು. ಸ್ಪ್ರಿಂಗ್ ಕೊಯ್ದದ್ದಕ್ಕೆ ನಿನಗೆ ದಂಡ ಬೀಳುತ್ತದಂತೆ. ಅದು ಬೀಳಲೇಬೇಕು, ಇನ್ನೊಬ್ಬರ ಮಗನ ಗಾಡಿಗೆ ಗರಗಸ ಹಚ್ಚಬೇಡ. ಸಾವಿನ ಮಾತು ನಿನ್ನ ಹೆಸರಿನ ಮುಂದೆ ಬರುವುದಿಲ್ಲ ಅಂದರು. ನಿಮ್ಮ ಕಾಕಾಗೆ ಮನೆಗೆ ಬಂದು ಹೇಳಿದೆ. ಎರಡು ದಿನ ನನ್ನ ಕೈಯ ನೀರು ಮುಟ್ಟಲಿಲ್ಲ. ಮೂರನೇ ದಿನ ತಾವೇ ತಾಟು ತಂದು ನನ್ನ ಮುಂದೆ ಕೂತರು. ಉಂಡು ಎದ್ದು ಹೋದರು.

ಇವತ್ತು ಬೇವು ಬೆಲ್ಲ ಮಾಡಿದೆ. ಬಾಯಿಗೆ ಬೇವು ಅಷ್ಟೇ ಹತ್ತಿತು.

ಕಾಯಿ ಇನ್ನೂ ಜೋಳದ ಚೀಲದ ಮೇಲಿದೆ. ನೀರು ಬತ್ತಿದೆ, ಅಲುಗಿಸಿದರೆ ಒಳಗೆ ಕೊಬ್ಬರಿ ಗಡಗಡ ಅನ್ನುತ್ತದೆ. ಒಡೆಯುವ ಕೆಲಸ ಅಮಿತನದಾಗಿತ್ತು. ಈಗ ನಿಮ್ಮ ಕಾಕಾ ಅದನ್ನು ಮುಟ್ಟುವುದಿಲ್ಲ, ನನ್ನ ಕೈಯಿಂದ ಆಗುವುದಿಲ್ಲ. ನೀನು ಬಾ ಎನ್ನಲು ಇನ್ನೂ ನನಗೆ ಬಾಯಿ ಬರುತ್ತಿಲ್ಲ, ಸಿಟ್ಟಿನಿಂದ ಅಲ್ಲ. ನೀನು ಅಡುಗೆಮನೆಯಲ್ಲಿ ಕೂತರೆ ನಿನ್ನ ಪಕ್ಕದಲ್ಲಿ ಅವನಿಲ್ಲದ್ದು ಕಾಣುತ್ತದೆ. ಅದನ್ನು ನೋಡುವ ಗಟ್ಟಿತನ ಬರಲಿ, ಕರೆಯುತ್ತೇನೆ.

ಅಲ್ಲಿಯವರೆಗೆ ರವಿವಾರ ಬಾಯಿ ಮುಚ್ಚಿಕೊಂಡು ಕೂರಬೇಡ, ನನಗೆ ಕಾಗದ ಬರೆ. ಕವರಿನ ಮೇಲೆ ನಿನ್ನ ಹೆಸರು ಬರೆ.

ನಿನ್ನ ಕಾಕು
ಸಕ್ಕುಬಾಯಿ